ಇಂಗ್ಲಿಷ್ ಪ್ಯಾಸೇಜಿಗೊಂದು ದಂಟಿನ ಕಡ್ಡಿ

ಮೊನ್ನೆ ನನ್ನ ವ್ಯಾನಿಟಿ ಬ್ಯಾಗನ್ನು ಕವುಚಿ ಕೊಡವಿದೆ. ವರ್ಷಕ್ಕೊಮ್ಮೆ ಮಾಡುವ ಕೆಲಸ ಅದು. ಏನೇನು ಬಿತ್ತೆಂದು ಪೂರ್ತಿ ಹೇಳಿದರೆ ನನ್ನ ಮಾನ ಹೋಗುತ್ತದೆ. ಹಳೆಯ ಬಸ್ ಟಿಕೆಟ್ಟುಗಳು, ಮುಚ್ಚಳವಿಲ್ಲದ ಎರಡು ಪೆನ್ನು, ಅಂಗನವಾಡಿಯ ಮಗುವೊಂದು ‘ಟೀಚರ್, ನಿನಗ’ ಎಂದು ಪ್ರೀತಿಯಿಂದ ಕೊಟ್ಟಿದ್ದ ಅರ್ಧ ತಿಂದ ಬಿಸ್ಕತ್ತು, ಅದನ್ನು ಹುಡುಕಿಕೊಂಡು ಬಂದಿದ್ದ ಇರುವೆಗಳು. ಕೊನೆಗೆ ಅಸ್ತರಿನ ಹರಕಿನಿಂದ ಗೇಣುದ್ದದ ಒಂದು ಕಡ್ಡಿ ಜಾರಿ ಬಿತ್ತು. ಜೋಳದ ದಂಟನ್ನು ಸೀಳಿ ಮಾಡಿದ್ದು. ತುದಿ ಸವೆದು ನುಣುಪಾಗಿತ್ತು.

ನಮ್ಮ ಯಜಮಾನರು ಅದನ್ನು ಎರಡು ಬೆರಳಲ್ಲಿ ಎತ್ತಿ, “ಕಸಬರಿಗಿ ಕಡ್ಡಿ ಬ್ಯಾಗಿನ್ಯಾಗ ಇಟಗೊಂಡು ತಿರಗತಿಯಲ್ಲ, ಯಾರ ಮನಿ ಕಸ ಹೊಡೀಲಿಕ್ಕೆ ಹೊಂಟಿದ್ದಿ?” ಎಂದು ಕಿಟಕಿಯ ಕಡೆ ಹೊರಟರು.

“ಅಯ್ಯಯ್ಯ, ಒಗಿಬ್ಯಾಡ್ರಿ! ಅದು ನನ್ನ ಬಿ.ಎ. ಅದ!” ಎಂದು ನಾನು ಕೂಗಿಕೊಂಡ ಪರಿಗೆ ಪಕ್ಕದ ಮನೆಯವರು ಹಾವು ಬಂತೇನೋ ಎಂದು ಹೊರಗೆ ಬಂದರು.

ಹಾವಲ್ಲ, ಕಡ್ಡಿ. ಆದರೆ ಈ ಕಡ್ಡಿಯ ಕತೆ ಹೇಳದಿದ್ದರೆ ನನಗೂ ಸಮಾಧಾನವಿಲ್ಲ.

ನಾನು ಶರಣಮ್ಮ, ಮಾನ್ವಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ವಯಸ್ಸು ಕೇಳಬೇಡಿ. ಕೇಳಿದರೆ ನಲವತ್ತಾರು ಎನ್ನುತ್ತೇನೆ, ಎರಡು ವರ್ಷದಿಂದ ಅದನ್ನೇ ಹೇಳುತ್ತಿದ್ದೇನೆ. ಹತ್ತನೇ ಕ್ಲಾಸು ಪಾಸಾದ ವರ್ಷವೇ ಮದುವೆಯಾಗಿ ಮಸರಕಲ್‌ನಿಂದ ಮಾನ್ವಿಗೆ ಬಂದವಳು. ಮಕ್ಕಳು ದೊಡ್ಡವರಾದ ಮೇಲೆ ಪಿಯುಸಿಯನ್ನು ಹೊರಗಿನಿಂದ ಕಟ್ಟಿದೆ. ಆ ಹುರುಪಿನಲ್ಲಿ ಬಿ.ಎ.ಗೂ ಸೇರಿಬಿಟ್ಟೆ. ಭಾನುವಾರಕ್ಕೊಮ್ಮೆ ರಾಯಚೂರಿನಲ್ಲಿ ಕ್ಲಾಸು. ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಎಲ್ಲವೂ ಒಂದೇ ಏಟಿಗೆ ಪಾಸು. ಇಂಗ್ಲಿಷ್ ಮಾತ್ರ ಎರಡು ಸಲ ಕೈ ಕೊಟ್ಟಿತು. ಮೂರನೆಯದು ಕೊನೆಯ ಅವಕಾಶ. ಅದೂ ಹೋದರೆ ಮತ್ತೆ ಮೊದಲಿನಿಂದ ಸೇರಿ ಎಲ್ಲ ಪೇಪರೂ ಬರೆಯಬೇಕು, ಇಷ್ಟು ವರ್ಷ ಮಾಡಿದ್ದೆಲ್ಲ ನೀರಿನಲ್ಲಿ ಮಾಡಿದ ಹೋಮ.

ವ್ಯಾಕರಣಕ್ಕೆ ನಾನು ಅಷ್ಟು ಹೆದರಿದವಳಲ್ಲ. ರಜಾ ಅರ್ಜಿ, ಪತ್ರಲೇಖನ ಎಲ್ಲ ಬಾಯಿಪಾಠ. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಇಂಗ್ಲಿಷಿನಲ್ಲಿ ರಜೆ ಬೇಡಿಬಿಡುತ್ತಿದ್ದೆ. ನನ್ನನ್ನು ಮಲಗಿಸಿದ್ದು ಪ್ಯಾಸೇಜು. ಪರಿಚಯವಿಲ್ಲದ ಒಂದು ಗದ್ಯಭಾಗ ಕೊಡುತ್ತಾರೆ, ಅದನ್ನು ಓದಿ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಉತ್ತರ ಕಣ್ಣ ಮುಂದೆಯೇ ಇರುತ್ತದಲ್ಲ, ಇದರಲ್ಲಿ ಫೇಲಾಗುವುದು ಹೇಗೆ ಎಂದು ನೀವು ಕೇಳಬಹುದು. ನನ್ನ ಮಗನೂ ಅದನ್ನೇ ಕೇಳಿದ್ದ. ಅವನಿಗೆ ಒಂದು ವಾರ ಸಾರಿಗೆ ಉಪ್ಪು ಕಡಿಮೆ ಹಾಕಿದೆ.

ಹೇಗೆ ಎಂಬುದು ನನಗೂ ಗೊತ್ತಿರಲಿಲ್ಲ. ಅದನ್ನು ಕಂಡುಹಿಡಿದವರು ನಮ್ಮ ತಬಸ್ಸುಮ್ ಮೇಡಂ. ನನ್ನ ಮಗಳ ವಾರಿಗೆಯ ಹುಡುಗಿ, ಇಂಗ್ಲಿಷ್ ಪಾಠ ಮಾಡುತ್ತಿದ್ದರು. ಒಂದು ಭಾನುವಾರ ಕ್ಲಾಸಿನಲ್ಲಿ ಅಭ್ಯಾಸಕ್ಕೆಂದು ಒಂದು ಪ್ಯಾಸೇಜು ಕೊಟ್ಟರು. ಯಾವುದೋ ಹಿಮದ ಊರು, ಅಲ್ಲೊಬ್ಬ ಅಂಚೆಯವನು. ಟಪಾಲು ಹಂಚಲು ಹೋಗುವಾಗ ನಾಯಿಯನ್ನು ಜೊತೆಗೆ ಕರೆದೊಯ್ಯುತ್ತಾನೆ. ಹಿಮ ಬಿದ್ದು ದಾರಿ ಮುಚ್ಚಿಹೋದಾಗ ನಾಯಿ ದಾರಿ ತೋರಿಸುತ್ತದೆ. ಪ್ರಶ್ನೆ ಏನೆಂದರೆ, ಅಂಚೆಯವನು ನಾಯಿಯನ್ನು ಏಕೆ ಕರೆದೊಯ್ಯುತ್ತಿದ್ದ?

ನಾನು ನನ್ನ ಹರಕು ಮುರುಕು ಇಂಗ್ಲಿಷಿನಲ್ಲಿ ಒಂದು ಪುಟ ಬರೆದೆ. ಒಂಟಿ ಮನುಷ್ಯನಿಗೆ ದಾರಿ ದೂರ ಅನ್ನಿಸುತ್ತದೆ. ಮಾತಾಡಲಿಕ್ಕೆ ಒಂದು ಜೀವ ಬೇಕು. ಟಪಾಲಿನಲ್ಲಿ ಜನರ ಸುಖದುಃಖ ಇರುತ್ತದೆ, ಅಷ್ಟು ಭಾರವನ್ನು ಒಬ್ಬನೇ ಹೊರಬಾರದು. ನಾಯಿಯಿದ್ದಲ್ಲಿ ಕಳ್ಳರ ಭಯವಿಲ್ಲ. ಅನ್ನ ಹಾಕಿದವರನ್ನು ಅದು ಮರೆಯುವುದಿಲ್ಲ, ಮನುಷ್ಯ ಮರೆಯುತ್ತಾನೆ. ಕಡೆಗೆ ನಮ್ಮ ಓಣಿಯ ನಾಯಿಯ ಒಂದು ದೃಷ್ಟಾಂತವನ್ನೂ ಹಾಕಿದ್ದೆ.

ಮೇಡಂ ಪುಟವನ್ನು ಎರಡು ಸಲ ಓದಿದರು. ಮುಖದಲ್ಲಿ ನಗು ತಡೆದುಕೊಂಡಿದ್ದರು. “ಅಕ್ಕಾರೀ, ಭಾಳ ಛಲೋ ಬರದೀರಿ. ಖರೇನ ನನಗ ಕಣ್ಣಾಗ ನೀರು ಬಂದುವು. ಆದ್ರ ಇದು ಪ್ಯಾಸೇಜಿನಾಗ ಎಲ್ಲ್ಯದರೀ?”

“ಪ್ಯಾಸೇಜಿನಾಗ ಇಲ್ಲರೀ ಮೇಡಂ. ಆದ್ರ ಓದಿದವರಿಗೆ ಅಷ್ಟು ತಿಳೀಬೇಕಲ್ಲರೀ?”

“ದಾರಿ ತೋರಸಲಿಕ್ಕೆ ಅಂತ ಒಂದು ಸಾಲು ಅದರೀ ಇಲ್ಲಿ. ಅದೊಂದ ಬಿಟ್ಟು ಎಲ್ಲಾ ಬರದೀರಿ ನೋಡ್ರಿ.”

ನಿಜವೇ. ಅದೊಂದನ್ನು ಬಿಟ್ಟಿದ್ದೆ. ಅದು ಎಲ್ಲರಿಗೂ ಗೊತ್ತಿರುವ ಮಾತು, ಅದನ್ನೇನು ಬರೆಯುವುದು ಎಂದುಕೊಂಡಿದ್ದೆ. ಮೇಡಂ ಸೊನ್ನೆ ಹಾಕಲು ಮನಸ್ಸಾಗದೆ ಪೆನ್ನು ಹಿಡಿದುಕೊಂಡು ಕೂತರು. ಪರೀಕ್ಷೆಯಲ್ಲಿ ಯಾರೂ ಹಾಗೆ ಕೂರುವುದಿಲ್ಲ ಎಂದು ನನಗೆ ಆಗ ಹೊಳೆಯಿತು. ಎರಡು ಸಲ ಫೇಲಾದ ಗುಟ್ಟು ಅದೇ.

ಈ ಚಟ ನನಗೆ ಎಲ್ಲಿಂದ ಬಂತು ಎಂದು ಕ್ಲಾಸಿನಿಂದ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಯೋಚಿಸಿದೆ. ಹೆಚ್ಚು ಯೋಚಿಸಬೇಕಾಗಲಿಲ್ಲ. ಚಟ ಹಚ್ಚಿದವನು ಮಸರಕಲ್‌ನಲ್ಲಿ, ನನ್ನ ತಮ್ಮನ ಮನೆಯ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ನಮ್ಮಪ್ಪ ಅಮರಪ್ಪ.

ನಮ್ಮ ಕಡೆ ಶ್ರಾವಣ ಬಂತೆಂದರೆ ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಅದಕ್ಕೆ ಇಬ್ಬರು ಬೇಕು. ಒಬ್ಬರು ಪದ್ಯ ಓದುವವರು, ಇನ್ನೊಬ್ಬರು ಅರ್ಥ ಹೇಳುವವರು. ನಮ್ಮಪ್ಪ ಅರ್ಥ ಹೇಳುವವನು. ಅವನ ಮಾತಿಗೆ ಸುತ್ತಲಿನ ಹಳ್ಳಿಯವರೂ ಬಂದು ಕೂರುತ್ತಿದ್ದರು. ಒಂದು ಪದ್ಯದಲ್ಲಿ ಶರಣನೊಬ್ಬ ಹೊಳೆ ದಾಟಿದ ಎಂದಿದ್ದರೆ, ಅಪ್ಪನ ಬಾಯಲ್ಲಿ ಆ ಹೊಳೆ ನಮ್ಮ ಕೃಷ್ಣೆ ಆಗುತ್ತಿತ್ತು, ಅದಕ್ಕೊಂದು ಹರಿಗೋಲು ಬರುತ್ತಿತ್ತು, ಹರಿಗೋಲಿನವನಿಗೆ ಒಬ್ಬ ಜಗಳಗಂಟಿ ಹೆಂಡತಿ ಬರುತ್ತಿದ್ದಳು, ಆ ಜಗಳ ಮುಗಿಯುವ ಹೊತ್ತಿಗೆ ಶರಣ ಪಾಪ ಇನ್ನೂ ನಡು ಹೊಳೆಯಲ್ಲೇ ಇರುತ್ತಿದ್ದ. ಜನ ನಕ್ಕು ನಕ್ಕು ಕೊನೆಗೆ ಕಣ್ಣೊರೆಸಿಕೊಂಡು ಏಳುತ್ತಿದ್ದರು.

ಇದರಲ್ಲಿ ಒಂದು ವಿಷಯವಿದೆ. ನಮ್ಮಪ್ಪನಿಗೆ ಓದು ಬರುವುದಿಲ್ಲ. ಅಕ್ಷರವೆಂದರೆ ಇಂದಿಗೂ ಹೆಬ್ಬೆಟ್ಟು. ಚಿಕ್ಕಂದಿನಿಂದ ಕೇಳಿ ಕೇಳಿಯೇ ಅಷ್ಟನ್ನೂ ತಲೆಯಲ್ಲಿ ತುಂಬಿಕೊಂಡವನು. ಪದ್ಯ ಓದುತ್ತಿದ್ದ ಮಾಸ್ತರರಿಗೆ ಬೇರೆ ಊರಿಗೆ ವರ್ಗವಾದಾಗ ಓದುವವರು ಯಾರು ಎಂಬ ಚಿಂತೆ ಬಂತು. ಅಪ್ಪ ಐದನೇ ಕ್ಲಾಸಿನಲ್ಲಿದ್ದ ನನ್ನನ್ನು ಕರೆತಂದು ಪುಸ್ತಕದ ಮುಂದೆ ಕೂರಿಸಿದ. “ಹೆಣ್ಣು ಹುಡುಗಿ ಪುರಾಣ ಓದ್ತಾಳೇನು?” ಎಂದು ಯಾರೋ ಕೇಳಿದ್ದಕ್ಕೆ, “ಅಕ್ಷರಕ್ಕ ಗಂಡು ಹೆಣ್ಣು ಅದೇನು? ಬರೋರು ಓದ್ತಾರ, ಬರದೋರು ನನ್ನಂಗ ಕೇಳ್ತಾರ” ಎಂದ. ಹೊಲಕ್ಕೆ ಹೋಗಿ ಜೋಳದ ದಂಟು ತಂದು, ಸೀಳಿ, ಕುಡಗೋಲಿನಿಂದ ಹೆರೆದು, ಒಂದು ಕಡ್ಡಿ ಮಾಡಿಕೊಟ್ಟ. ಓದುವಾಗ ಸಾಲಿನ ಕೆಳಗೆ ಅದನ್ನು ಸರಿಸುತ್ತ ಹೋಗಬೇಕು. ಹತ್ತನೇ ಕ್ಲಾಸಿನವರೆಗೆ ಆರು ಶ್ರಾವಣ ನಾನು ಓದಿದೆ, ಅಪ್ಪ ಅರ್ಥ ಹೇಳಿದ. ಓದುವವಳ ಬಾಯಿಗಿಂತ ನನ್ನ ಕಿವಿಯೇ ಹೆಚ್ಚು ಕಲಿಯಿತು ಎಂದು ಕಾಣುತ್ತದೆ. ಹಿಮದ ಊರಿನ ಅಂಚೆಯವನಿಗೆ ನಮ್ಮ ಓಣಿಯ ನಾಯಿ ಗಂಟುಬಿದ್ದದ್ದು ಹೀಗೆ.

ಆ ಭಾನುವಾರ ಮಾನ್ವಿಯ ಬಸ್ಸು ಬಿಟ್ಟು ದೇವದುರ್ಗದ ಬಸ್ಸು ಹತ್ತಿದೆ. ಮಸರಕಲ್‌ನಲ್ಲಿ ಇಳಿದಾಗ ಅಪ್ಪ ಕಟ್ಟೆಯ ಮೇಲೇ ಇದ್ದ. ಎದುರು ಮನೆಯ ನಾಗಮ್ಮ ಗೋಡೆಗೆ ಒರಗಿ ಶೇಂಗಾ ಸುಲಿಯುತ್ತಿದ್ದಳು. ಅಪ್ಪನ ಪುರಾಣವನ್ನು ಒಂದು ದಿನವೂ ತಪ್ಪಿಸಿಕೊಳ್ಳದ ಮುದುಕಿ ಅವಳು.

“ಏನ್ ಓದಾಕತ್ತೀಯವ್ವಾ ಈಗ?” ಎಂದ ಅಪ್ಪ.

ಬ್ಯಾಗಿನಿಂದ ಪುಸ್ತಕ ತೆಗೆದು ಒಂದು ಪ್ಯಾಸೇಜನ್ನು ಇಂಗ್ಲಿಷಿನಲ್ಲಿ ಓದಿ, ಸಾಲು ಸಾಲಿಗೂ ಕನ್ನಡದಲ್ಲಿ ಹೇಳಿದೆ. ಪೆಂಗ್ವಿನ್ ಎಂಬ ಹಕ್ಕಿಯ ಬಗ್ಗೆ ಇತ್ತು. ಗಂಡು ಹಕ್ಕಿ ಮೊಟ್ಟೆಯನ್ನು ಕಾಲ ಮೇಲಿಟ್ಟುಕೊಂಡು ಹಿಮದಲ್ಲಿ ನಿಂತಿರುತ್ತದೆ, ಹೆಣ್ಣು ಮೇವು ತರಲು ಹೋಗುತ್ತದೆ. ಅಷ್ಟೇ ಸಾಕಾಯಿತು. ಅಪ್ಪ ಎಲೆ ಉಗುಳಿ ಬಾಯಿ ಮುಕ್ಕಳಿಸಿ, ಧ್ವನಿ ಎತ್ತಿ ಶುರು ಮಾಡಿಯೇಬಿಟ್ಟ. “ಕೇಳ್ರಿ! ಹೆರಾಕಿ ತಾಯಿ ಖರೆ. ಆದ್ರ ಕಾಲ ಮ್ಯಾಲ ಇಟಗೊಂಡು ನಿಂತಾವ ಏನು ಕಡಿಮಿ ಅದಾನ?” ಎನ್ನುತ್ತ, ಆ ಹಕ್ಕಿಗೆ ಹಸಿವೆ, ಬೆನ್ನುನೋವು, ಅತ್ತೆ ಮನೆ ಎಲ್ಲವನ್ನೂ ಒದಗಿಸಿದ. ಮುಗಿದಾಗ ನಾಗಮ್ಮ ಶೇಂಗಾ ಬದಿಗಿಟ್ಟು ಎರಡೂ ಕೈ ಜೋಡಿಸಿ, “ಮಂಗಳಾರತಿ ಇಲ್ಲೇನವ್ವಾ ಇದಕ?” ಎಂದಳು.

ನಾನು ನಗಬೇಕಾಗಿತ್ತು. ಅಳು ಬಂತು. “ಯಪ್ಪಾ, ಇದಕ್ಕ ನಾ ಎರಡು ಸಲ ಫೇಲಾಗೀನಿ. ಅದರಾಗ ಇದ್ದದ್ದು ಬಿಟ್ಟು ಇಲ್ಲದ್ದು ಬರೀತೀನಿ. ಇದೊಂದ ಸಲ ಉಳದದ” ಎಂದು ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

ಅಪ್ಪ ಎಲೆ ಅಡಿಕೆಯ ಚೀಲ ಕಟ್ಟಿ ಬದಿಗಿಟ್ಟ. ಅವನು ಅದನ್ನು ಕಟ್ಟಿಡುವುದು ಅಪರೂಪ, ನಾಗಮ್ಮನಿಗೇ ಗಾಬರಿಯಾಯಿತು. ಆಮೇಲೆ ಹೇಳಿದ: “ಹಂಗಾರ ನಿನ್ನ ಫೇಲ್ ಮಾಡಿದಾವ ನಾನ ಅಂದಂಗಾತು.”

“ಹಂಗಲ್ಲ ಯಪ್ಪಾ...”

“ಹಂಗ ಅದ, ಬಿಡು. ಒಂದು ಮಾತು ನೆಪ್ಪದ ಏನು ನಿನಗ? ಒಂದಿನ ಗುಡ್ಯಾಗ ನೀ ಒಂದು ಸಾಲು ನುಂಗಿದ್ದಿ.”

ನೆನಪಿಲ್ಲದೆ ಏನು? ಪ್ರಸಾದಕ್ಕೆ ಹುಗ್ಗಿ ಮಾಡಿದ್ದರು. ಗೋದಿಹುಗ್ಗಿಯ ವಾಸನೆ ಗುಡಿಯ ತುಂಬ ತುಂಬಿಕೊಂಡಿತ್ತು. ಬೇಗ ಮುಗಿದರೆ ಸಾಕೆಂದು ಒಂದು ಸಾಲು ಹಾರಿಸಿ ಮುಂದಕ್ಕೆ ಹೋದೆ. ಅಕ್ಷರ ಬಾರದ ಅಪ್ಪ ಕೈಯೆತ್ತಿ ನಿಲ್ಲಿಸಿ, ಅಷ್ಟು ಜನರ ಎದುರು, “ಕಡ್ಡಿ ಎಲ್ಲ್ಯದ?” ಎಂದು ಕೇಳಿದ್ದ. ಅವನ ಕಿವಿಗೆ ಪದ್ಯ ಕುಂಟಿದ್ದು ಗೊತ್ತಾಗಿತ್ತು. ಹೆದರಿಕೊಂಡು ಕಡ್ಡಿಯನ್ನು ಹಿಂದಿನ ಸಾಲಿಗೆ ತಂದಿದ್ದೆ. ಆ ದಿನ ಹುಗ್ಗಿ ಗಂಟಲಲ್ಲಿ ಇಳಿಯಲಿಲ್ಲ ಎಂದು ಹೇಳಬಹುದಿತ್ತು, ಆದರೆ ಇಳಿಯಿತು, ಎರಡು ಸಲ ಹಾಕಿಸಿಕೊಂಡೆ.

“ಅವತ್ತ ಹೇಳಿದ್ನಿ, ಮರತಿ. ಓದಾಕಿ ಕೆಲಸ ಬ್ಯಾರೆ, ಅರ್ಥ ಹೇಳಾವನ ಕೆಲಸ ಬ್ಯಾರೆ. ಅರ್ಥ ಹೇಳಾವ ಎಲ್ಲಿ ಬೇಕಾದಲ್ಲಿ ಹಾರಾಡ್ಲಿ. ಓದಾಕಿ ಒಂದಕ್ಷರ ಕೂಡಸಬಾರದು, ಒಂದಕ್ಷರ ಬಿಡಬಾರದು. ನಿಮ್ಮ ಪರೀಕ್ಷಿಯವರು ನಿನ್ನ ಓದಾಕ ಕರದಾರ, ಅರ್ಥ ಹೇಳಾಕ ಅಲ್ಲ.” ಎದ್ದು ಹಿತ್ತಲಿಗೆ ಹೋದ. ತಿರುಗಿ ಬಂದಾಗ ಕೈಯಲ್ಲಿ ಒಂದು ಜೋಳದ ದಂಟು, ಕುಡಗೋಲು.

ಅಂದಿನಿಂದ ಎರಡು ವಾರಕ್ಕೊಮ್ಮೆ ಕ್ಲಾಸು ಮುಗಿಸಿ ಮಸರಕಲ್‌ಗೆ ಹೋಗುವುದು, ಸಂಜೆಯ ಬಸ್ಸಿಗೆ ಮಾನ್ವಿಗೆ ಹೊರಡುವುದು ರೂಢಿಯಾಯಿತು. ನಾನು ಪ್ಯಾಸೇಜು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಆಮೇಲೆ ಪ್ರಶ್ನೆ ಓದಿ ಉತ್ತರ ಹೇಳಬೇಕು. ಹೇಳಿದ ಪ್ರತಿ ಉತ್ತರಕ್ಕೂ ಅಪ್ಪ, “ಕಡ್ಡಿ ಎಲ್ಲ್ಯದ?” ಎನ್ನುತ್ತಿದ್ದ. ಆ ಉತ್ತರವಿರುವ ಸಾಲಿನ ಕೆಳಗೆ ಕಡ್ಡಿ ಇಟ್ಟು ತೋರಿಸಬೇಕು. ಅವನಿಗೆ ಇಂಗ್ಲಿಷಿನ ಒಂದಕ್ಷರವೂ ತಿಳಿಯದು, ನಾನು ಎಲ್ಲಿ ಬೇಕಾದರೂ ಇಟ್ಟು ಮೋಸ ಮಾಡಬಹುದಿತ್ತು. ಒಮ್ಮೆ ಮಾಡಿಯೂ ನೋಡಿದೆ. ಜೇನುಹುಳುಗಳ ಪ್ಯಾಸೇಜಿಗೆ ನನ್ನದೊಂದು ನೀತಿ ಸೇರಿಸಿ, ಮುಖ ಗಂಭೀರ ಮಾಡಿಕೊಂಡು ಕಡ್ಡಿಯನ್ನು ಮಧ್ಯದ ಸಾಲಿಗೆ ಇಟ್ಟೆ. ಅಪ್ಪ ಪುಸ್ತಕ ನೋಡಲೇ ಇಲ್ಲ, ನನ್ನ ಮುಖ ನೋಡಿದ. “ಅದು ನನ್ನ ಧಾಟಿ ಮಾತು, ಪುಸ್ತಕದ್ದಲ್ಲ. ತಗದು ಸರಿ ಇಡು” ಎಂದ.

ನನ್ನ ಕಷ್ಟಕ್ಕಿಂತ ಅವನ ಕಷ್ಟ ದೊಡ್ಡದು. ಅರ್ಥ ಹೇಳದೆ ಕೂರುವುದೆಂದರೆ ಅವನಿಗೆ ಉಪವಾಸ ಕೂತ ಹಾಗೆ. ಹಡಗು ಮುಳುಗಿದ ಪ್ಯಾಸೇಜಿನಲ್ಲಿ ನಾಲ್ಕು ಸಲ ಬಾಯಿ ತೆರೆದು ನಾಲ್ಕು ಸಲವೂ ಎಲೆ ತುರುಕಿಕೊಂಡ. ನಾಗಮ್ಮನಂತೂ ಬಹಿರಂಗವಾಗಿಯೇ ಬೇಸರಪಟ್ಟಳು. “ಹಕ್ಕಿದ ಛಲೋ ಇತ್ತು. ಈಗಿಂದು ಬರೇ ಕಡ್ಡಿ, ಕಡ್ಡಿ” ಎಂದು ಶೇಂಗಾದ ಮೊರ ಎತ್ತಿಕೊಂಡು ಒಳಗೆ ಹೋದಳು.

ಪರೀಕ್ಷೆಯ ದಿನ ರಾಯಚೂರಿನ ಬಿಸಿಲು ಹೊತ್ತು ಏರುವ ಮೊದಲೇ ಕಾಯತೊಡಗಿತ್ತು. ಪರೀಕ್ಷಾ ಕೊಠಡಿಯಲ್ಲಿ ನನ್ನ ಅಕ್ಕಪಕ್ಕ ಎಲ್ಲ ಮೀಸೆ ಮೂಡುವ ವಯಸ್ಸಿನವರು. ಒಬ್ಬ ಹುಡುಗ ನಾನು ಸೂಪರ್‌ವೈಸರ್ ಇರಬೇಕೆಂದು ಎದ್ದು ನಿಂತು ನಮಸ್ಕಾರ ಮಾಡಿದ. ಸುಮ್ಮನೆ ಆಶೀರ್ವಾದ ಮಾಡಿ ಅವನ ಹಿಂದಿನ ಬೆಂಚಿಗೆ ಕೂತೆ. ನಿಜವಾದ ಸೂಪರ್‌ವೈಸರ್ ಬಂದವರೇ ನನ್ನ ಕಡ್ಡಿ ನೋಡಿ ನಿಂತರು.

“ಇದೇನ್ರೀ ಅಮ್ಮಾ?”

“ಕಡ್ಡಿ ರೀ ಸರ. ಓದಾಗ ಸಾಲಿನ ಕೆಳಗ ಇಡಾಕ.”

ಅವರು ಅದನ್ನು ಬೆಳಕಿಗೆ ಹಿಡಿದರು. ತಿರುವಿ ನೋಡಿದರು, ಒಳಗೆ ಪೊಳ್ಳಿದೆಯೇನೋ ಎಂದು ಕಿವಿಯ ಹತ್ತಿರ ಅಲ್ಲಾಡಿಸಿದರು. ಚೀಟಿ ಬಚ್ಚಿಡುವ ನೂರು ಉಪಾಯ ಕಂಡವರಿರಬೇಕು, ಈ ಕಡ್ಡಿ ಮಾತ್ರ ಅವರ ಅನುಭವದಲ್ಲಿರಲಿಲ್ಲ. ಕೊನೆಗೆ, “ನಮ್ಮವ್ವನೂ ಹಿಂಗ ಇಟಗೊಂಡು ಓದ್ತಿದ್ಲು” ಎಂದು ಮೆತ್ತಗೆ ಹೇಳಿ ಡೆಸ್ಕಿನ ಮೇಲಿಟ್ಟು ಮುಂದೆ ಹೋದರು.

ಪ್ರಶ್ನೆಪತ್ರಿಕೆ ಬಂತು. ಪ್ಯಾಸೇಜು ಯಾವುದರ ಬಗ್ಗೆ ಅಂತೀರಿ? ಭತ್ತದ ಬಗ್ಗೆ! ನಾನು ಮಾನ್ವಿಯವಳು, ಗಂಡ ರೈಸ್ ಮಿಲ್ಲಿನಲ್ಲಿ ತೂಕ ಮಾಡುವವರು. ನನಗೆ ಭತ್ತದ ಬಗ್ಗೆ ಪ್ಯಾಸೇಜು! ಸಂತೋಷದಿಂದ ಓದುತ್ತ ಹೋದರೆ, ಬರೆದ ಮಹಾರಾಯ ಕೊಯ್ದ ಭತ್ತವನ್ನು ಐದು ದಿನ ಒಣಗಿಸುತ್ತಾರೆ ಎಂದಿದ್ದ. ಐದು ದಿನ! ನಮ್ಮ ಬಿಸಿಲಿನಲ್ಲಿ ಐದು ದಿನ ಹಾಕಿದರೆ ಅಕ್ಕಿಯಾಗುವುದಿಲ್ಲ, ನುಚ್ಚಾಗುತ್ತದೆ. ನಮ್ಮ ಯಜಮಾನರು ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, ಕಟ್ ಎಂದ ಸದ್ದಿನ ಮೇಲೇ ಒಣಗಿತೋ ಇಲ್ಲವೋ ಹೇಳುತ್ತಾರೆ. ಮೊದಲನೇ ಪ್ರಶ್ನೆಯೇ ಅದು: ಭತ್ತವನ್ನು ಎಷ್ಟು ದಿನ ಒಣಗಿಸಬೇಕು?

ಪೆನ್ನು ತಡೆಯುತ್ತಿಲ್ಲ. ಎರಡು ದಿನ ಎಂದು ಬರೆದು, ಮಿಲ್ಲು, ಬಿಸಿಲು, ಹಲ್ಲು ಎಲ್ಲವನ್ನೂ ಬರೆದುಬಿಡಬೇಕೆಂದು ಕೈ ತುರಿಸುತ್ತಿದೆ. ಅಷ್ಟರಲ್ಲಿ ಕಿವಿಯಲ್ಲಿ ಅಪ್ಪನ ಧ್ವನಿ, ‘ಕಡ್ಡಿ ಎಲ್ಲ್ಯದ?’ ನೋಡಿದೆ. ಕಡ್ಡಿ ಐದು ದಿನದ ಕೆಳಗಿತ್ತು. ಹಲ್ಲು ಕಚ್ಚಿ ಐದು ದಿನ ಎಂದು ಬರೆದೆ. ಒಂದೇ ಸಾಲು. ಬರೆದ ಮೇಲೆ ಮಾನ್ವಿಯ ಸಮಸ್ತ ಮಿಲ್ಲುಗಳ ಕ್ಷಮೆಯನ್ನು ಮನಸ್ಸಿನಲ್ಲೇ ಕೇಳಿದೆ. ಉಳಿದ ಪ್ರಶ್ನೆಗಳಿಗೂ ಹಾಗೆಯೇ ಕಡ್ಡಿ ಇಟ್ಟಲ್ಲಿಂದ ಅಳ್ಳಾಡದೆ ಉತ್ತರ ಬರೆದು, ಬೆವರು ಒರೆಸಿಕೊಂಡು, ಅವನು ಎಷ್ಟು ಭತ್ತ ಒಣಗಿಸಿದರೂ ನನಗೇನು ಎಂದು ಮುಂದಿನ ಪುಟ ತಿರುವಿದೆ.

ಎರಡು ತಿಂಗಳಾದ ಮೇಲೆ ಫಲಿತಾಂಶ ಬಂತು. ಅಂಕಪಟ್ಟಿ ಕೈಗೆ ಬಂದ ದಿನ ಮನೆಗೂ ಹೋಗದೆ ನೇರ ದೇವದುರ್ಗದ ಬಸ್ಸು ಹತ್ತಿದೆ. ಕಟ್ಟೆಯ ಮೇಲೆ ಅಪ್ಪ, ಗೋಡೆಗೆ ನಾಗಮ್ಮ, ಎಲ್ಲ ಅವರವರ ಜಾಗದಲ್ಲಿದ್ದರು. ನನ್ನ ಮುಖ ನೋಡಿಯೇ ಅಪ್ಪನಿಗೆ ತಿಳಿದಿರಬೇಕು, ಆದರೂ ರೂಢಿ ಬಿಡಲಿಲ್ಲ. “ಓದವ್ವಾ” ಎಂದ.

ಬ್ಯಾಗಿನಿಂದ ಕಡ್ಡಿ ತೆಗೆದು ಅಂಕಪಟ್ಟಿಯ ಮೇಲಿಟ್ಟು ಓದಿದೆ. “ಇಂಗ್ಲಿಷ್. ನೂರಕ್ಕ ಐವತ್ತೆರಡು. ಪಾಸು.”

ಅಪ್ಪ ಬಾಯಿ ಮುಕ್ಕಳಿಸಿ ಬಂದು, ಪಂಚೆ ಸರಿಮಾಡಿಕೊಂಡು ಕೂತ. ತಿಂಗಳುಗಟ್ಟಲೆ ಬಿಗಿಹಿಡಿದ ಬಾಯಿ ಅದು. “ಕೇಳ್ರಿ!” ಎಂದು ಎತ್ತಿದ ಧ್ವನಿಗೆ ಓಣಿಯ ನಾಲ್ಕು ಮನೆಯವರು ಹೊರಬಂದರು. ಐವತ್ತೆರಡು ಎಂಬ ಆ ಒಂದು ಅಂಕಿಗೆ ಅವನು ಹೇಳಿದ ಅರ್ಥವನ್ನು ಅಚ್ಚು ಹಾಕಿಸಿದರೆ ನಮ್ಮ ಪಠ್ಯಪುಸ್ತಕಕ್ಕಿಂತ ದಪ್ಪವಾಗುತ್ತದೆ. ಅದರಲ್ಲಿ ಮಾನ್ವಿಯ ಬಿಸಿಲು ಬಂತು, ಎರಡು ಬಸ್ಸು ಬಂದವು, ರಾಯಚೂರಿನ ಸಾಹೇಬರೊಬ್ಬರು ನನ್ನ ಕಡ್ಡಿಗೆ ಎದ್ದು ನಿಂತು ಸಲಾಮು ಹೊಡೆದರು. ನಾನು ತಡೆಯಲಿಲ್ಲ. ಅರ್ಥ ಹೇಳುವವನು ಹಾರಾಡಲಿ.

ನಡುವೆ ಒಂದು ಕಡೆ ಅವನ ಧ್ವನಿ ಇಳಿಯಿತು. “ಹತ್ತನೇ ಕ್ಲಾಸಿಗೆ ಇಕಿ ಸಾಲಿ ಬಿಡಿಸಿದಾವ ನಾನ. ಮಾಸ್ತರು ಮನಿತನಕ ಬಂದು ಕೈ ಮುಗದು ಕೇಳಿದ್ರು, ಕೇಳಲಿಲ್ಲ ನಾನು. ಊರ ಮಂದಿಗೆ ಬುದ್ಧಿ ಹೇಳಾವ, ನನಗ ಇರಲಿಲ್ಲ. ಅದು ತಪ್ಪಾತು. ಅಷ್ಟಾದ್ರೂ ಇಕಿ ಓದಾಕ ನನ್ನ ಮುಂದ ಬಂದು ಕುಂತ್ಲು.”

ಮೂವತ್ತು ವರ್ಷದಲ್ಲಿ ಅವನು ಆ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಕೇಳಬೇಕೆಂಬ ಆಸೆ ನನಗೆ ಅಷ್ಟೊಂದು ಇತ್ತೆಂಬುದೂ ಆಗಲೇ ಗೊತ್ತಾದದ್ದು. ನಾಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, “ಇದೂ ಆ ಕಾಗದದಾಗ ಬರದಾರೇನು ಅಮರಪ್ಪಾ?” ಎಂದಳು.

ಅಪ್ಪ ನನ್ನ ಕಡೆ ನೋಡಿದ.

ನಾನು ಕಡ್ಡಿಯನ್ನು ಮೇಲಕ್ಕೆ ಸರಿಸಿದೆ, ನನ್ನ ಹೆಸರಿನ ಕೆಳಗಿನ ಸಾಲಿಗೆ. “ಬರದಾರ ನೋಡ್ ಯವ್ವಾ. ಇಲ್ಲೇ ಅದ.”

“ಏನಂತ ಅದ? ಇದ್ದದ್ದಷ್ಟ ಓದು” ಎಂದ ಅಪ್ಪ.

ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ ಓದಿದೆ. “ತಂದೆಯ ಹೆಸರು, ಅಮರಪ್ಪ.”